ಬೆಟ್ಟ ಇಳಿಯುವ ಕಾಲು

ಭಾನುವಾರದ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಎರಡು ಬಗೆಯ ಜನ ಎದುರುಬದುರಾಗುತ್ತಾರೆ. ಬೆಟ್ಟದ ಪಾದದಿಂದ ಹತ್ತಿ ಬರುವವರು ಬೆವರು ಒರೆಸಿಕೊಳ್ಳುತ್ತ, ಮಾತು ನಿಲ್ಲಿಸಿ, ಆಗಾಗ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಇನ್ನೊಂದು ಬಗೆಯವರು ಸಿಟಿ ಬಸ್ ನಿಲ್ದಾಣದಲ್ಲಿ 201ನೇ ನಂಬರಿನ ಬಸ್ ಹಿಡಿದು, ಕೂತೇ ಮೇಲೆ ಬಂದು, ದರ್ಶನ ಮುಗಿಸಿ, ಮಹಿಷಾಸುರನ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು, ಹರಟುತ್ತ ಕೆಳಗಿಳಿಯುತ್ತಾರೆ. ಹತ್ತಿದವರಿಗೆ ಮೈಸೂರಿನಲ್ಲಿ ಮರ್ಯಾದೆ ಇದೆ. ಎಷ್ಟು ನಿಮಿಷದಲ್ಲಿ ಹತ್ತಿದಿರಿ ಎಂದು ಕೇಳುವವರಿದ್ದಾರೆ. ಇಳಿದವರನ್ನು ಯಾರೂ ಏನೂ ಕೇಳುವುದಿಲ್ಲ. ಹತ್ತಿದರೆ ಪುಣ್ಯ, ವ್ಯಾಯಾಮ ಎರಡೂ ಬಂತು. ಇಳಿಯುವುದಕ್ಕೇನು, ಕಾಲು ತಾನಾಗಿ ಇಳಿಯುತ್ತದೆ ಎಂಬುದು ಊರಿನ ತೀರ್ಮಾನ.

ಈ ತೀರ್ಮಾನ ತಪ್ಪು. ಬೆಟ್ಟ ಇಳಿಯುವ ಕಾಲು ಕೆಲಸಗಳ್ಳತನ ಮಾಡುತ್ತಿಲ್ಲ. ಹತ್ತುವ ಕಾಲು ಮಾಡದ, ಬೇರೆಯದೇ ಆದ ಒಂದು ಕೆಲಸವನ್ನು ಅದು ಮಾಡುತ್ತಿದೆ. ಆ ಕೆಲಸ ಉಸಿರಿಗೆ ಅಗ್ಗ, ಸ್ನಾಯುವಿಗೆ ದುಬಾರಿ. ವಯಸ್ಸಾದವರಿಗೂ ಸಕ್ಕರೆ ಕಾಯಿಲೆಯವರಿಗೂ ಅದರಿಂದ ಆಗಬಹುದಾದ ಉಪಕಾರವನ್ನು ವೈದ್ಯಲೋಕ ಗಂಭೀರವಾಗಿ ಗಮನಿಸತೊಡಗಿದ್ದು ಈ ಶತಮಾನದಲ್ಲಿ. ಬಸ್ಸಿನಲ್ಲಿ ಹತ್ತಿ ನಡೆದು ಇಳಿಯುವವರ ಪರವಾಗಿ ಈ ಅಧ್ಯಾಯ.

ಮೊದಲು ಬೆಟ್ಟದ ಅಳತೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ತುಸು ಮೇಲೆ ದೇವಸ್ಥಾನವಿದೆ. ಅಲ್ಲಿಂದ ಸಾವಿರ ಮೆಟ್ಟಿಲು ಇಳಿದು ಪಾದ ಮುಟ್ಟುವ ಹೊತ್ತಿಗೆ ನಾವು ಸುಮಾರು 250 ಮೀಟರ್ ಕೆಳಗೆ ಬಂದಿರುತ್ತೇವೆ. ಅರುವತ್ತು ಕಿಲೋ ತೂಕದ ಒಬ್ಬರು ಅಷ್ಟು ಕೆಳಗಿಳಿದಾಗ ಗುರುತ್ವ ಅವರ ಮೈಗೆ ಒಪ್ಪಿಸುವ ಶಕ್ತಿ ಸುಮಾರು 147 ಕಿಲೋಜೂಲ್. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಬೇಕಾಗುವಷ್ಟು. ಕಲ್ಲೊಂದು ಉರುಳಿ ಬಿದ್ದರೆ ಈ ಶಕ್ತಿ ವೇಗವಾಗಿ, ಕೊನೆಯ ಪೆಟ್ಟಾಗಿ ಹೊರಬೀಳುತ್ತದೆ. ಮನುಷ್ಯ ಇಳಿದರೆ ಹಾಗಾಗುವುದಿಲ್ಲ. ಮೊದಲ ಮೆಟ್ಟಿಲಲ್ಲಿ ಎಷ್ಟು ನಿಧಾನವಾಗಿದ್ದೆವೋ ಸಾವಿರನೆಯದರಲ್ಲೂ ಅಷ್ಟೇ ನಿಧಾನ. ಹಾಗಾದರೆ ಅಷ್ಟೂ ಶಕ್ತಿ ಎಲ್ಲಿ ಹೋಯಿತು? ಹೆಚ್ಚುಪಾಲು ನಮ್ಮ ತೊಡೆ, ಮೀನಖಂಡಗಳೊಳಗೆ ಬಿಸಿಯಾಗಿ ಕರಗಿತು. ಪ್ರತಿ ಮೆಟ್ಟಿಲಲ್ಲೂ ಮೈಯ ಬೀಳುವಿಕೆಯನ್ನು ಹಿಡಿದು ನಿಲ್ಲಿಸಿದ್ದು ಆ ಸ್ನಾಯುಗಳು.

ಆ ಹಿಡಿಯುವಿಕೆ ಹೇಗೆ ನಡೆಯುತ್ತದೆಂದು ಒಂದೇ ಮೆಟ್ಟಿಲಿನ ಮೇಲೆ ನೋಡೋಣ. ಬಲಗಾಲು ಕೆಳಗಿನ ಮೆಟ್ಟಿಲಿಗೆ ಚಾಚುವಾಗ ಮೈಯೆಲ್ಲ ಎಡಗಾಲಿನ ಮೇಲಿದೆ. ಎಡಮಂಡಿ ನಿಧಾನವಾಗಿ ಮಡಿಯುತ್ತಿದೆ. ಮಂಡಿಯನ್ನು ಮಡಿಸುತ್ತಿರುವುದು ಮೈಯ ಭಾರ; ಒಮ್ಮೆಲೇ ಕುಸಿಯದಂತೆ ತಡೆಯುತ್ತಿರುವುದು ತೊಡೆಯ ಮುಂಭಾಗದ ದೊಡ್ಡ ಸ್ನಾಯುಗುಂಪು. ಅದು ಬಿಗಿಯಾಗಿ ಎಳೆಯುತ್ತಲೇ ಇದೆ, ಆದರೂ ಉದ್ದವಾಗುತ್ತಿದೆ. ಬಾವಿಗೆ ಕೊಡ ಇಳಿಬಿಡುವಾಗ ಹಗ್ಗವನ್ನು ಬಿಗಿ ಹಿಡಿದೇ ಜಾರಲು ಬಿಡುತ್ತೇವಲ್ಲ, ಹಾಗೆ. ಬಲಗಾಲು ಮೆಟ್ಟಿಲು ಮುಟ್ಟುವಾಗ ಮೊದಲು ತಾಗುವುದು ಅಂಗಾಲಿನ ಮುಂಭಾಗ. ಹಿಮ್ಮಡಿ ಆಮೇಲೆ ಇಳಿಯುತ್ತದೆ. ಆ ಕ್ಷಣದ ಹೊಡೆತವನ್ನು ಮೀನಖಂಡ ತನ್ನ ಮೇಲೆ ತೆಗೆದುಕೊಳ್ಳುತ್ತದೆ, ಅದೂ ಉದ್ದವಾಗುತ್ತಲೇ. ಹತ್ತುವಾಗ ಇದೇ ಸ್ನಾಯುಗಳು ಗಿಡ್ಡವಾಗುತ್ತ ಮೈಯನ್ನು ಮೇಲೆತ್ತುತ್ತವೆ. ಅದೇ ಕಾಲು, ಅದೇ ಮೆಟ್ಟಿಲು, ಸ್ನಾಯುವಿನ ನಡೆ ಮಾತ್ರ ತಿರುಗಾಮುರುಗಾ.

ಈ ತಿರುವುಮುರುವಿನ ಖರ್ಚನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಪ್ರಯೋಗವೊಂದು 1952ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಅಬಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ಮೂವರು ವಿಜ್ಞಾನಿಗಳು ಎರಡು ನಿಂತ ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಪೆಡಲನ್ನು ಮುಂದಕ್ಕೆ ತುಳಿಯಬೇಕು. ಇನ್ನೊಬ್ಬರ ಪೆಡಲು ಆಗ ಹಿಂದಕ್ಕೆ ತಿರುಗುತ್ತದೆ, ಅವರು ಅದನ್ನು ತಡೆಯಬೇಕು. ಇಬ್ಬರ ಬಲವೂ ಸಮ, ವೇಗವೂ ಸಮ. ಉಸಿರಿನ ಆಮ್ಲಜನಕ ಅಳೆದು ನೋಡಿದರೆ ತುಳಿಯುವವರ ಖರ್ಚು ತಡೆಯುವವರಿಗಿಂತ ಹಲವು ಪಟ್ಟು ಹೆಚ್ಚು. ಅದೇ ವರ್ಷ ರಾಯಲ್ ಸೊಸೈಟಿಯಲ್ಲಿ ಇದನ್ನು ನಡೆಸಿ ತೋರಿಸಿದಾಗ, ತುಳಿಯುತ್ತಿದ್ದ ಯುವಕನನ್ನು ತಡೆಯುತ್ತಿದ್ದ ಯುವತಿ ಸಲೀಸಾಗಿ ಸುಸ್ತು ಹೊಡೆಸಿಬಿಟ್ಟಳೆಂದು ನೊಬೆಲ್ ಪಡೆದ ಸ್ನಾಯುವಿಜ್ಞಾನಿ ಎ.ವಿ. ಹಿಲ್ ಸಂತೋಷದಿಂದ ದಾಖಲಿಸಿದ್ದಾರೆ. ಶರೀರಶಾಸ್ತ್ರದ ಇತಿಹಾಸದಲ್ಲಿ ಇಷ್ಟು ಸರಳವೂ ಇಷ್ಟು ಸ್ಪಷ್ಟವೂ ಆದ ಪ್ರಯೋಗಗಳು ಕಡಿಮೆ.

ಇಳಿಜಾರಿನಲ್ಲಿ ನಡೆಯುವವರ ಉಸಿರನ್ನು ಇಟಲಿಯ ರೊಡಾಲ್ಫೊ ಮಾರ್ಗಾರಿಯಾ 1938ರಷ್ಟು ಹಿಂದೆಯೇ ಅಳೆದಿದ್ದರು. ನೂರು ಮೀಟರಿಗೆ ಹತ್ತು ಮೀಟರ್ ಇಳಿಯುವ ದಾರಿಯೇ ನಡಿಗೆಗೆ ಎಲ್ಲಕ್ಕಿಂತ ಅಗ್ಗ ಎಂದು ಅವರು ಕಂಡುಕೊಂಡರು. 2002ರಲ್ಲಿ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಇನ್ನೂ ಕಡಿದಾದ ಇಳಿಜಾರುಗಳವರೆಗೆ ಈ ಅಳತೆಯನ್ನು ವಿಸ್ತರಿಸಿದರು. ಸಮನೆಲದಲ್ಲಿ ಮೈಯ ಒಂದು ಕಿಲೋ ತೂಕವನ್ನು ಒಂದು ಮೀಟರ್ ಒಯ್ಯಲು 1.64 ಜೂಲ್. ನೂರಕ್ಕೆ ಹತ್ತರ ಇಳಿಜಾರಿನಲ್ಲಿ 0.81, ಸರಿಸುಮಾರು ಅರ್ಧ. ಅದಕ್ಕಿಂತ ಕಡಿದಾದರೆ ಖರ್ಚು ಮತ್ತೆ ಏರುತ್ತದೆ, ಏಕೆಂದರೆ ತಡೆಯುವ ಕೆಲಸ ಬೆಳೆಯುತ್ತದೆ. ನೂರಕ್ಕೆ ನಲವತ್ತೈದರ ಕಡಿದಾದ ಇಳಿಜಾರಿನಲ್ಲಿ ಇಳಿಯಲು 3.46 ಜೂಲ್ ಬೇಕು. ಅದೇ ದಾರಿ ಹತ್ತಲು 17.33. ಟ್ರೆಡ್‌ಮಿಲ್ಲಿನ ಈ ಲೆಕ್ಕ ಮೆಟ್ಟಿಲಿಗೆ ಹಾಗೆಹಾಗೇ ಒಗ್ಗದಿದ್ದರೂ ಅಂದಾಜಿಗೆ ಸಾಕು: ಅರುವತ್ತು ಕಿಲೋದವರಿಗೆ ಚಾಮುಂಡಿ ಬೆಟ್ಟ ಹತ್ತಲು 150 ಕಿಲೋಕ್ಯಾಲರಿಯ ಆಸುಪಾಸು, ಇಳಿಯಲು 30ರ ಆಸುಪಾಸು. ಇಳಿಯುವವರು ದಾರಿಯುದ್ದಕ್ಕೂ ಮಾತಾಡಲು ಸಾಧ್ಯವಾಗುವುದು, ಮದುವೆ ಮಾತುಕತೆಯಿಂದ ಹಿಡಿದು ಮನೆ ಕಟ್ಟುವ ಯೋಜನೆಯವರೆಗೆ ಆ ಮೆಟ್ಟಿಲ ಮೇಲೆ ತೀರ್ಮಾನವಾಗುವುದು ಈ ಕಾರಣಕ್ಕೇ.

ತೂಕ ಇಳಿಸಬೇಕೆನ್ನುವವರು ಇಲ್ಲಿಗೇ ಪುಸ್ತಕ ಮುಚ್ಚಬಹುದು, ಕ್ಯಾಲರಿ ಲೆಕ್ಕದಲ್ಲಿ ಊರಿನ ತೀರ್ಮಾನವೇ ಸರಿ ಅನಿಸಬಹುದು. ದಯವಿಟ್ಟು ಮುಚ್ಚಬೇಡಿ. ಅಗ್ಗ ಯಾಕಾಯಿತು ಎಂದು ಕೇಳಿದಾಗಲೇ ವಿಷಯ ರುಚಿಗಟ್ಟುವುದು.

ಸ್ನಾಯುವಿನ ಎಳೆಯೊಳಗೆ ಸಾರ್ಕೊಮಿಯರ್ ಎಂಬ ಘಟಕಗಳು ಸಾಲಾಗಿ ಜೋಡಿಸಿಕೊಂಡಿವೆ. ಒಂದೊಂದರ ಉದ್ದ ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು. ಅದರೊಳಗೆ ಮಯೋಸಿನ್ ಎಂಬ ದಪ್ಪ ತಂತುಗಳು, ಆಕ್ಟಿನ್ ಎಂಬ ತೆಳು ತಂತುಗಳು. ಮಯೋಸಿನ್ನಿನ ತಲೆಗಳು ಆಕ್ಟಿನ್ನನ್ನು ಕಚ್ಚಿ, ಎಳೆದು, ಬಿಟ್ಟು, ಮತ್ತೆ ಮುಂದೆ ಕಚ್ಚುತ್ತವೆ. ಸ್ನಾಯು ಗಿಡ್ಡವಾಗುವುದು ಹೀಗೆ. ಪ್ರತಿ ಸಲ ಹಿಡಿತ ಬಿಡಲು, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ಒಂದು ಅಣು ಬೇಕು. ಇಳಿಯುವಾಗ ಹೊರಗಿನ ಭಾರವೇ ಮಯೋಸಿನ್ ತಲೆಗಳನ್ನು ಆಕ್ಟಿನ್ನಿನಿಂದ ಬಲವಂತವಾಗಿ ಕೀಳುತ್ತದೆ. ಕಿತ್ತದ್ದು ಎಟಿಪಿ ಖರ್ಚಿಲ್ಲದೆ ಕೂಡಲೇ ಮತ್ತೆ ಕಚ್ಚುತ್ತದೆ. ಇದರ ಜೊತೆಗೆ ಟೈಟಿನ್ ಎಂಬ, ನಮ್ಮ ದೇಹದ ಅತಿ ದೊಡ್ಡ ಪ್ರೋಟೀನು, ಎಳೆದಷ್ಟೂ ಬಿಗಿಯಾಗಿ ಭಾರದ ಒಂದು ಪಾಲನ್ನು ಹೊರುತ್ತದೆ. ಹಾಗಾಗಿ ಉದ್ದವಾಗುತ್ತಿರುವ ಸ್ನಾಯು ಉದ್ದ ಬದಲಾಗದೆ ನಿಂತಾಗಿನ ತನ್ನ ಬಲಕ್ಕಿಂತ ಹೆಚ್ಚಿನ ಭಾರ ತಡೆಯಬಲ್ಲದು. ಪ್ರತ್ಯೇಕಿಸಿದ ಸ್ನಾಯುಗಳಲ್ಲಿ ಒಂದೂವರೆ ಪಟ್ಟಿನವರೆಗೂ ಅಳೆದಿದ್ದಾರೆ.

ಹೆಚ್ಚು ಬಲ ಸಿಗುವುದರಿಂದ ಕೆಲಸಕ್ಕೆ ಕಡಿಮೆ ಎಳೆಗಳು ಸಾಕು. ಮೆದುಳು ಎಲ್ಲವನ್ನೂ ಕರೆಯುವುದಿಲ್ಲ. ಆಮ್ಲಜನಕ ಉಳಿಯುವುದು ಇದರಿಂದ. ಆದರೆ ಕರೆಸಿಕೊಂಡ ಕೆಲವೇ ಎಳೆಗಳ ಮೇಲೆ ಭಾರವೆಲ್ಲ ಬೀಳುತ್ತದೆ. ಇಳಿಯುವ ಕೆಲಸದ ಗುಣವೂ ದೋಷವೂ ಈ ಒಂದೇ ಸಂಗತಿಯಿಂದ ಹುಟ್ಟುತ್ತವೆ.

ದೋಷ ಮಾರನೆಯ ದಿನ ಗೊತ್ತಾಗುತ್ತದೆ. ಅಭ್ಯಾಸವಿಲ್ಲದವರು ಬೆಟ್ಟ ಇಳಿದ ದಿನ ಪಾದದಲ್ಲಿ ನಿಂತಾಗ ಕಾಲು ಗಡಗಡ ನಡುಗುತ್ತದೆ, ಅಷ್ಟೇ. ಎಳನೀರು ಕುಡಿದು ಮನೆಗೆ ಹೋದರೆ ಎಲ್ಲ ಸರಿ. ಬೆಳಗಾದ ಮೇಲೆ ತೊಡೆ ಹಿಡಿದುಕೊಳ್ಳುತ್ತದೆ. ಎರಡನೆಯ ದಿನ ಇನ್ನೂ ಜಾಸ್ತಿ. ಕುಕ್ಕರಗಾಲಲ್ಲಿ ಕೂರಲಾಗದು, ಮನೆಯ ಮೂರು ಮೆಟ್ಟಿಲು ಇಳಿಯುವುದಕ್ಕೂ ಗೋಡೆ ಹಿಡಿಯಬೇಕು. ವಿಚಿತ್ರವೆಂದರೆ ಹತ್ತುವುದು ಅಷ್ಟು ನೋಯುವುದಿಲ್ಲ. ನಮ್ಮ ಮನೆಗಳಲ್ಲಿ ಇದಕ್ಕೆ ಬಿಸಿನೀರು, ನೋವಿನ ಎಣ್ಣೆ. ಕಾರಣ ಕೇಳಿದರೆ ಜಿಮ್ಮಿಗೆ ಹೋಗುವ ಹುಡುಗರು ಲ್ಯಾಕ್ಟಿಕ್ ಆಮ್ಲ ಎನ್ನುತ್ತಾರೆ. ಈ ಲ್ಯಾಕ್ಟಿಕ್ ಆಮ್ಲದ ಮಾತು 1983ರಲ್ಲೇ ಬಿದ್ದುಹೋಗಿದೆ. ಅಮೆರಿಕದ ಶ್ವೇನ್ ಮತ್ತು ಸಂಗಡಿಗರು ಕೆಲವರನ್ನು ಸಮನೆಲದ ಟ್ರೆಡ್‌ಮಿಲ್ಲಿನಲ್ಲೂ ಇಳಿಜಾರಿನದರಲ್ಲೂ ಓಡಿಸಿ ರಕ್ತ ಪರೀಕ್ಷೆ ಮಾಡಿದರು. ಸಮನೆಲದ ಓಟದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿತು, ಮುಂದೆ ನೋವು ಬರಲಿಲ್ಲ. ಇಳಿಜಾರಿನ ಓಟದಲ್ಲಿ ಅದು ಏರಲಿಲ್ಲ, ನೋವು ಚೆನ್ನಾಗಿಯೇ ಬಂತು. ನಾಲ್ಕು ದಶಕ ಕಳೆದರೂ ತಪ್ಪು ವಿವರಣೆ ಜಿಮ್ಮುಗಳಲ್ಲಿ ಓಡಾಡುತ್ತಿರುವುದು ಬೇಸರದ ಸಂಗತಿ.

ನಿಜವಾದ ಕಾರಣವನ್ನು ಕಣ್ಣಾರೆ ಕಂಡವರು ಸ್ವೀಡನ್ನಿನ ಯಾನ್ ಫ್ರಿಡೆನ್ ಮತ್ತು ಸಂಗಡಿಗರು. 1981ರಲ್ಲಿ ಅವರು ಕೆಲವರನ್ನು ಮೇಲಿಂದ ಮೇಲೆ ಮೆಟ್ಟಿಲು ಇಳಿಸಿ, ನೋವಿದ್ದಾಗ ಅವರ ಕಾಲಿನ ಸ್ನಾಯುವಿನ ಚೂರು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರು. ಸಾರ್ಕೊಮಿಯರುಗಳ ಗಡಿಯಾದ ಝಡ್ ಗೆರೆಗಳು ನೆಟ್ಟಗಿರಬೇಕಾದಲ್ಲಿ ಅಲ್ಲಲ್ಲಿ ಹರಡಿ, ಕಲಸಿಹೋಗಿದ್ದವು. ಆಸ್ಟ್ರೇಲಿಯಾದ ಡೇವಿಡ್ ಮಾರ್ಗನ್ 1990ರಲ್ಲಿ ಮುಂದಿಟ್ಟ ವಿವರಣೆ ಹೀಗಿದೆ: ಸಾಲಿನಲ್ಲಿರುವ ಎಲ್ಲ ಸಾರ್ಕೊಮಿಯರುಗಳೂ ಸಮಬಲದವಲ್ಲ. ಎಳೆತ ಬಿದ್ದಾಗ ಅತಿ ದುರ್ಬಲವಾದದ್ದು ಮೊದಲು ಹಿಗ್ಗುತ್ತದೆ, ಹಿಗ್ಗಿದಷ್ಟೂ ಇನ್ನಷ್ಟು ದುರ್ಬಲವಾಗಿ ಕೊನೆಗೆ ತಂತುಗಳೇ ಒಂದರಿಂದೊಂದು ಜಾರಿಬಿಡುತ್ತವೆ. ಆಮೇಲೆ ಮುಂದಿನ ದುರ್ಬಲದ ಸರದಿ. ಸೂಕ್ಷ್ಮವಾದ ಈ ಗಾಯಗಳನ್ನು ದುರಸ್ತಿ ಮಾಡಲು ದೇಹ ಉರಿಯೂತದ ಪಡೆಯನ್ನು ಕಳಿಸುತ್ತದೆ, ಅದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ನೋವು ತಡವಾಗಿ ಬರುವುದು ಅದಕ್ಕೇ.

ದುರಸ್ತಿ ಮುಗಿದ ಸ್ನಾಯು ಹಳೆಯ ಸ್ನಾಯುವಲ್ಲ. ಎರಡು ವಾರ ಬಿಟ್ಟು ಅದೇ ಬೆಟ್ಟವನ್ನು ಅಷ್ಟೇ ಇಳಿದರೆ ನೋವು ಬಹಳ ಕಡಿಮೆ. ಒಂದೇ ಒಂದು ಸಲ ಇಳಿದ ಅನುಭವ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ನಾಯುವಿಗೆ ರಕ್ಷಣೆ ಕೊಡುತ್ತದೆ. ಹತ್ತುವ ಅಭ್ಯಾಸ ಎಷ್ಟಿದ್ದರೂ ಈ ರಕ್ಷಣೆ ಅದರಿಂದ ಬರುವುದಿಲ್ಲ. ಇಳಿಯುವುದನ್ನು ಇಳಿದೇ ಕಲಿಯಬೇಕು.

ಇನ್ನು ಉಪಕಾರದ ಮಾತು. ಆಸ್ಟ್ರಿಯಾದ ವೈದ್ಯ ಹೈಂಜ್ ಡ್ರೆಕ್ಸೆಲ್ ಆಲ್ಪ್ಸ್ ಪರ್ವತದ ಕೇಬಲ್ ಕಾರನ್ನೇ ಪ್ರಯೋಗದ ಸಲಕರಣೆ ಮಾಡಿಕೊಂಡರು. ಜನರನ್ನು ಎರಡು ತಿಂಗಳು ನಡೆಸಿ ಹತ್ತಿಸಿ ಕೇಬಲ್ ಕಾರಿನಲ್ಲಿ ಇಳಿಸಿದರು, ಇನ್ನೆರಡು ತಿಂಗಳು ಕೇಬಲ್ ಕಾರಿನಲ್ಲಿ ಹತ್ತಿಸಿ ನಡೆಸಿ ಇಳಿಸಿದರು. 2004ರಲ್ಲಿ ಅಮೆರಿಕದ ಹೃದ್ರೋಗ ಸಂಘದ ಸಭೆಯಲ್ಲಿ ಅವರು ಹೇಳಿದ ಫಲಿತಾಂಶ ಹಲವರ ಹುಬ್ಬೇರಿಸಿತು. ಎರಡೂ ಕ್ರಮದಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿದಿತ್ತು. ಹತ್ತಿದಾಗ ಟ್ರೈಗ್ಲಿಸರೈಡ್ ಕಡಿಮೆಯಾಯಿತು. ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿ ಸುಧಾರಿಸಿದ್ದು ಇಳಿದಾಗ.

ಇದಕ್ಕಿಂತ ನಮಗೆ ಹತ್ತಿರವೆನಿಸುವ ಅಧ್ಯಯನ ತೈವಾನಿನದು. 2017ರಲ್ಲಿ ಪ್ರಕಟವಾಯಿತು. 60 ವರ್ಷ ದಾಟಿದ, ಸ್ಥೂಲಕಾಯದ 30 ಮಹಿಳೆಯರು. ಅರ್ಧ ಜನ ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿದರು, ಅರ್ಧ ಜನ ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲು ಇಳಿದರು. ವಾರಕ್ಕೆ ಎರಡು ಸಲ, 12 ವಾರ. ಎರಡು ಗುಂಪಿಗೂ ಒಳ್ಳೆಯದಾಯಿತು. ಆದರೆ ತೊಡೆಯ ಬಲ, ವಿಶ್ರಾಂತಿಯ ನಾಡಿಬಡಿತ, ರಕ್ತದೊತ್ತಡ, ಇನ್ಸುಲಿನ್ ಕೆಲಸ ಮಾಡುವ ರೀತಿ, ಮೂಳೆಯ ಸಾಂದ್ರತೆ, ಹೀಗೆ ಸಾಲುಸಾಲು ಅಳತೆಗಳಲ್ಲಿ ಇಳಿದವರೇ ಮುಂದಿದ್ದರು. ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ನಮ್ಮ ಅಮ್ಮಂದಿರಿಗೆ, ಅತ್ತೆಯರಿಗೆ ಇದಕ್ಕಿಂತ ಭರವಸೆಯ ಸುದ್ದಿ ಬೇರೆ ಯಾವುದಿದೆ? ಹೃದಯ, ಶ್ವಾಸಕೋಶಗಳಿಗೆ ಹೊರೆಯಾಗದೆ ಸ್ನಾಯುವಿಗೆ ದೊಡ್ಡ ಹೊರೆ ಕೊಡುವ ದಾರಿಯಿದು.

ಇಳಿಯುವ ದಾರಿಯ ನಡುವೆ ಸಿಗುವ ನಂದಿ ವಿಗ್ರಹದ ಹತ್ತಿರದ ಕಟ್ಟೆಯಲ್ಲಿ ಒಮ್ಮೆ ಎಪ್ಪತ್ತರ ಆಸುಪಾಸಿನ ಒಬ್ಬ ಅಮ್ಮ ಪಕ್ಕದಲ್ಲಿ ಕೂತಿದ್ದರು. ಹತ್ತಿ ಬಂದಿರಾ ಅಂದೆ. “ಇಲ್ಲಪ್ಪ, ಹತ್ತೋಕೆ ಎದೆ ಒಪ್ಪಲ್ಲ. ಬಸ್ಸಲ್ಲಿ ಬಂದು ಇಳೀತೀನಿ. ಇದೇನು ದೊಡ್ಡದಲ್ಲ ಬಿಡಿ,” ಎಂದು ಸಂಕೋಚಪಟ್ಟರು. ಸಂಕೋಚಪಡುವಂಥದ್ದು ಏನೂ ಇರಲಿಲ್ಲ. ಅವರು ತಮಗೆ ತಿಳಿಯದೆಯೇ ತೈವಾನಿನ ಆ ಹದಿನೈದು ಮಹಿಳೆಯರ ಕ್ರಮವನ್ನೇ ಅನುಸರಿಸುತ್ತಿದ್ದರು.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಅಭ್ಯಾಸವಿಲ್ಲದೆ ಒಮ್ಮೆಲೇ ಜಾಸ್ತಿ ಇಳಿದು ಸ್ನಾಯು ಗಾಯಗೊಂಡರೆ ಒಂದೆರಡು ದಿನ ಅದು ರಕ್ತದ ಸಕ್ಕರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಉಪಕಾರ ಸಿಗುವುದು ಒಗ್ಗಿದ ಸ್ನಾಯುವಿಗೆ. ಇಳಿದ ಮೇಲೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮನೆಮದ್ದು ಬೇಡ, ನೇರ ವೈದ್ಯರ ಬಳಿ ಹೋಗಬೇಕು.

ಮಂಡಿಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಇಳಿಯುವಾಗ ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ ಸಮನೆಲದ ನಡಿಗೆಗಿಂತ ಹಲವು ಪಟ್ಟು ಜಾಸ್ತಿ, ಅದು ನಿಜ. ಸವೆದ ಮಂಡಿಯವರು ವೈದ್ಯರನ್ನು ಕೇಳಿಯೇ ಇಳಿಯಲಿ. ಉಳಿದವರಿಗೆ ಊರುಗೋಲಿಗಿಂತ ದೊಡ್ಡ ಗೆಳೆಯನಿಲ್ಲ. 1999ರಲ್ಲಿ ಹೆರ್ಮನ್ ಶ್ವಾಮೆಡರ್ ಮತ್ತು ಸಂಗಡಿಗರು 25 ಡಿಗ್ರಿ ಇಳಿಜಾರಿನಲ್ಲಿ ಎರಡು ಕೋಲು ಹಿಡಿದು ಇಳಿಯುವವರನ್ನು ಅಳೆದಾಗ ಮಂಡಿಯ ಮೇಲಿನ ಹೊರೆ ನೂರಕ್ಕೆ 12ರಿಂದ 25ರಷ್ಟು ಇಳಿದಿತ್ತು. ಕೋಲು ಹಿಡಿದರೆ ಮುದುಕರಂತೆ ಕಾಣುತ್ತೇವೆಂಬ ನಾಚಿಕೆಯನ್ನು ಬಸ್ಸಿನಲ್ಲೇ ಬಿಟ್ಟು ಇಳಿಯಬೇಕು.

ಮಂಡಿಗಿಂತ ನನಗೆ ಹೆಚ್ಚು ಆತಂಕ ಬೀಳುವುದರ ಬಗ್ಗೆ. ಮೆಟ್ಟಿಲ ಮೇಲೆ ಗಂಭೀರವಾಗಿ ಬೀಳುವವರು ಹೆಚ್ಚಾಗಿ ಇಳಿಯುವಾಗಲೇ ಬೀಳುತ್ತಾರೆ, ಏಕೆಂದರೆ ಬೀಳುವ ದಿಕ್ಕಿನಲ್ಲಿ ನೆಲ ಇನ್ನೂ ಕೆಳಗಿರುತ್ತದೆ. ಕಣ್ಣು ಎರಡು ಮೂರು ಮೆಟ್ಟಿಲು ಮುಂದೆ ನೋಡಿ ಎತ್ತರ ಅಳೆಯುತ್ತದೆ. ನಾಲ್ಕಾರು ಮೆಟ್ಟಿಲಾದ ಮೇಲೆ ಮೆದುಳು ಅದೇ ಎತ್ತರ ಮುಂದೆಯೂ ಇರುತ್ತದೆಂದು ನಂಬಿಬಿಡುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ಈ ನಂಬಿಕೆಯನ್ನು ಆಗಾಗ ಮುರಿಯುತ್ತವೆ. ಒಂದು ಗೇಣುದ್ದ, ಇನ್ನೊಂದು ಅದಕ್ಕಿಂತ ಎತ್ತರ, ನಡುವೆ ಬರಿಯ ಇಳಿಜಾರು ಬಂಡೆ. ಹತ್ತಿರಕ್ಕೂ ದೂರಕ್ಕೂ ಒಂದೇ ಗಾಜಿರುವ ಬೈಫೋಕಲ್ ಕನ್ನಡಕ ಹಾಕಿದವರಿಗೆ ಕಷ್ಟ ಇನ್ನೂ ಹೆಚ್ಚು. ಗಾಜಿನ ಕೆಳಭಾಗ ಓದಲು ಮಾಡಿದ್ದು, ಅದರ ಮೂಲಕ ನೋಡಿದ ಮೆಟ್ಟಿಲಿನ ಅಂಚು ಮಸುಕು. ಇಳಿಯುವ ದಿನಕ್ಕೆ ದೂರದೃಷ್ಟಿಯ ಕನ್ನಡಕವೇ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಕಾಲ್ಕೆಳಗಿನ ಕಲ್ಲಿಗೂ ಒಂದು ಚರಿತ್ರೆಯಿದೆ. ಮೈಸೂರಿನ ಸುತ್ತಲಿನ ನೈಸ್ ಶಿಲೆಗಳಿಗೆ 300 ಕೋಟಿ ವರ್ಷದಷ್ಟು ವಯಸ್ಸು. ಅವುಗಳ ನಡುವೆ ಎದ್ದು ನಿಂತ ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಭೂವಿಜ್ಞಾನಿಗಳು ಲೆಕ್ಕಹಾಕಿದ್ದು ಸುಮಾರು 80 ಕೋಟಿ ವರ್ಷ. ಕರ್ನಾಟಕದ ಶಿಲೆಗಳ ಲೆಕ್ಕದಲ್ಲಿ ಇದು ಎಳೆಯ ಕಲ್ಲು. ಬಿಸಿಲು ಮಳೆಗೆ ಗ್ರಾನೈಟಿನ ಫೆಲ್ಡ್‌ಸ್ಪಾರ್ ಮೆತ್ತಗಾಗಿ ಜೇಡಿಯಾಗುತ್ತದೆ, ಸ್ಫಟಿಕಶಿಲೆಯ ಕಾಳು ಮಾತ್ರ ಗಟ್ಟಿಯಾಗಿ ಉದುರಿ ಮೆಟ್ಟಿಲ ಮೇಲೆ ಹರಳಾಗಿ ಉಳಿಯುತ್ತದೆ. ಒಣಗಿದ ಒರಟು ಗ್ರಾನೈಟು ಕಾಲನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅದರ ಮೇಲೆ ಹರಳು ಹರಡಿದರೆ ಚಪ್ಪಲಿಗೂ ಕಲ್ಲಿಗೂ ನಡುವೆ ಉರುಳುವ ಪದರವೊಂದು ಸೇರಿಕೊಳ್ಳುತ್ತದೆ. ತಲೆಮಾರುಗಳ ಕಾಲು ಸವೆಸಿದ ಮೆಟ್ಟಿಲಿನ ನಡುಭಾಗ ನುಣುಪು, ಅಂಚುಗಳು ಒರಟು. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚಿ ಹೋದ ಮೇಲೆ ಒಂದು ಸೋನೆ ಮಳೆ ಬಂದರೆ ಆ ನುಣುಪು ಇನ್ನೂ ಹೆಚ್ಚುತ್ತದೆ. ಆಷಾಢ ಶುಕ್ರವಾರದ ಮಾರನೆಯ ದಿನ ಇಳಿಯುವವರು ಬದಿಯಲ್ಲಿ, ಹೆಜ್ಜೆ ಗಿಡ್ಡ ಮಾಡಿ, ಮಂಡಿ ತುಸು ಮಡಿಸಿಕೊಂಡೇ ಇಳಿಯಬೇಕು. ಮಂಡಿ ನೆಟ್ಟಗೆ ಸೆಟೆದರೆ ಸ್ನಾಯು ತಡೆಯಬೇಕಾದ ಪೆಟ್ಟು ಮೂಳೆಗೆ ಹೋಗುತ್ತದೆ.

ಮೇಲಿಂದ ಸುಮಾರು ಮುನ್ನೂರು ಮೆಟ್ಟಿಲು ಇಳಿದರೆ ನಂದಿ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಬೆಟ್ಟದಲ್ಲೇ ಇದ್ದ ಒಂದೇ ಬಂಡೆಯಿಂದ ಕಡೆದದ್ದು. ಎತ್ತರ ಹದಿನೈದು ಅಡಿಗೂ ಮೇಲೆ. ಇಳಿಯುವವರ ದೃಷ್ಟಿಯಿಂದ ಈ ನಂದಿಗೆ ಇನ್ನೊಂದು ಮಹತ್ವವಿದೆ: ಇಲ್ಲಿಯವರೆಗೆ ವಾಹನದ ರಸ್ತೆ ಬರುತ್ತದೆ. ಹಾಗಾಗಿ ಮೊದಲ ಸಲ ಇಳಿಯುವವರು ಸಾವಿರ ಮೆಟ್ಟಿಲಿನ ಹಟ ಮಾಡಬೇಕಾಗಿಲ್ಲ. ಮೊದಲ ಭಾನುವಾರ ನಂದಿಯವರೆಗೆ ಇಳಿದು, ಲಲಿತಮಹಲ್, ಕಾರಂಜಿ ಕೆರೆಗಳನ್ನು ಮೇಲಿಂದ ನೋಡಿ, ಅಲ್ಲಿಂದ ಗಾಡಿ ಹತ್ತಲಿ. ತೊಡೆ ಹಿಡಿದುಕೊಂಡರೆ ಬಿಡುವವರೆಗೆ ಕಾಯಲಿ, ನಾಲ್ಕೈದು ದಿನ ಸಾಕು. ಎರಡನೆಯ ಸಲವೂ ನಂದಿಯವರೆಗೇ. ಅಷ್ಟಕ್ಕೆ ನೋವು ಬರದಿದ್ದರೆ ಮೂರನೆಯ ಸಲ ಪಾದದವರೆಗೆ, ನಡುವೆ ಎರಡು ಮೂರು ಕಡೆ ಕೂತು, ಬಿಸಿಲೇರುವ ಮೊದಲೇ. ಪಾದದಲ್ಲಿ ಆಟೊ ಸಿಗುತ್ತದೆ.